ಗಪ್ಪಿ ಮೀನಿನ ಮರಿಗಳು ಮಾಯವಾಗುತ್ತಿವೆ, ತೊಟ್ಟಿಯಲ್ಲಿ ಆರು ಕಾಲಿನ ಕಂದು ಹುಳು ಸಿಕ್ಕಿದೆ. ಯಾವ ಔಷಧಿ ಹಾಕಲಿ?

ನೀವು ಬರೆದಿರುವುದು ಇಷ್ಟು. ಚಿಂತಾಮಣಿಯಲ್ಲಿ ಮನೆ ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ತಾವರೆ ಬೆಳೆಸಿ ಗಪ್ಪಿ ಬಿಟ್ಟಿದ್ದೀರಿ. ಮರಿಗಳು ಹುಟ್ಟಿದ ವಾರದೊಳಗೆ ಕಾಣೆಯಾಗುತ್ತಿವೆ. ತಳದ ಕೆಸರಿನಲ್ಲಿ ಒಂದು ಕಂದು ಹುಳು ಸಿಕ್ಕಿದೆ. ಅದನ್ನು ಸಾಯಿಸಲು ಔಷಧಿ ಬೇಕು. ಜೊತೆಗೆ ತೋಟದ ಕೃಷಿ ಹೊಂಡಕ್ಕೆ ಮೀನು ಬಿಟ್ಟರೆ ಅಲ್ಲೂ ಇದೇ ಕಾಟವಾ ಅಂತ ಕೇಳಿದ್ದೀರಿ.

ಔಷಧಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಟೊಮೆಟೊಗೆ ಹೊಡೆಯುವ ಔಷಧಿ ಇರುತ್ತದೆ. ನನ್ನ ಸಂಬಂಧಿಕರೊಬ್ಬರು ಇದೇ ಹುಳುವಿಗೆ ಅಂತ ಒಂದೇ ಒಂದು ಮುಚ್ಚಳ ಹಾಕಿದರು. ಸಂಜೆಯೊಳಗೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಸೈಪರ್ಮೆಥ್ರಿನ್ ಥರದ ಔಷಧಿಗಳು ಮೀನಿಗೆ ತೀರಾ ವಿಷ. ತೊಟ್ಟಿಯಷ್ಟು ನೀರಿಗೆ ಸ್ವಲ್ಪವೇ ಸಾಕು.

ನಿಮಗೆ ಸಿಕ್ಕಿರುವುದು ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಮರಿ. ಮಳೆ ಬಂದಮೇಲೆ ಮೈದಾನದಲ್ಲಿ ಗುಂಪಾಗಿ ಹಾರುತ್ತವಲ್ಲ, ಮಕ್ಕಳು ಹೆಲಿಕಾಪ್ಟರ್ ಅಂತಲೂ ಕರೆಯುತ್ತಾರೆ, ಅದರದ್ದೇ. ಬಾಲ್ಯವೆಲ್ಲ ನೀರೊಳಗೇ ಕಳೆಯುತ್ತದೆ. ಮುಟ್ಟಲು ಹೆದರಬೇಡಿ. ಕಚ್ಚಿದರೂ ವಿಷವಿಲ್ಲ.

ಕೋಲಾರದ ನಮ್ಮ ಮನೆಯ ತೊಟ್ಟಿಯಲ್ಲಿ ಮರಿಗಳು ಕಡಿಮೆಯಾದಾಗ ನಾನು ತಾಯಿ ಮೀನುಗಳನ್ನೇ ಅನುಮಾನಿಸಿದ್ದೆ. ಗಪ್ಪಿ ತನ್ನ ಮರಿಯನ್ನು ತಾನೇ ತಿನ್ನುವುದು ನಿಜ ಅಲ್ವಾ? ದೊಡ್ಡ ಮೀನುಗಳನ್ನೆಲ್ಲ ಬೇರೆ ಬಕೆಟ್ಟಿಗೆ ಹಾಕಿದೆ. ಆದರೂ ಮರಿಗಳು ಕಡಿಮೆಯಾಗುತ್ತಲೇ ಹೋದವು. ಒಂದು ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಕೂತೆ. ಎಲೆದಂಟಿಗೆ ಅಂಟಿಕೊಂಡು ಒಂದು ಹುಳು ಅಲ್ಲಾಡದೆ ಕಾಯುತ್ತಿತ್ತು. ಮರಿ ಹತ್ತಿರ ಬಂದಿದ್ದು ನೋಡಿದೆ, ಆಮೇಲೆ ಅದರ ಬಾಯಲ್ಲಿ ಬಾಲ ಒದ್ದಾಡುವುದು ನೋಡಿದೆ. ನಡುವೆ ಏನಾಯಿತು ಅಂತ ನನ್ನ ಕಣ್ಣಿಗೆ ಕಾಣಲೇ ಇಲ್ಲ.

ಅದರ ಕೆಳದುಟಿ ಒಂದು ಮಡಚುವ ತೋಳಿನ ಹಾಗೆ. ಸುಮ್ನೆ ಕೂತಾಗ ಗಲ್ಲದ ಕೆಳಗೆ ಮಡಚಿಕೊಂಡಿರುತ್ತದೆ. ಬೇಟೆ ಸಿಕ್ಕಾಗ ಅದನ್ನು ಮುಂದಕ್ಕೆ ಚಿಮ್ಮಿಸಿ ತುದಿಯ ಕೊಂಡಿಗಳಿಂದ ಹಿಡಿಯುತ್ತದೆ. ನಾವು ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ಉಸಿರಾಟ ಇನ್ನೂ ವಿಚಿತ್ರ. ಹಿಂಭಾಗದಿಂದ ನೀರು ಒಳಗೆಳೆದುಕೊಂಡು, ಅಲ್ಲಿರುವ ಕಿವಿರುಗಳಿಂದ ಆಮ್ಲಜನಕ ಹೀರುತ್ತದೆ. ಅಪಾಯ ಕಂಡರೆ ಅದೇ ನೀರನ್ನು ಜೋರಾಗಿ ಹೊರಗೆ ಚಿಮ್ಮಿಸಿ ರಾಕೆಟ್ಟಿನಂತೆ ಮುಂದೆ ಹಾರುತ್ತದೆ. ಬಲೆ ಹಾಕಿದಾಗ ತಪ್ಪಿಸಿಕೊಳ್ಳುವುದು ಹೀಗೆಯೇ.

ಬಂದಿದ್ದು ಎಲ್ಲಿಂದ? ಎರಡು ದಾರಿ. ಕೆಲವು ಜಾತಿಗಳು ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ಮುಟ್ಟಿಸಿ ಮೊಟ್ಟೆ ಹಾಕುತ್ತವೆ. ನಿಲ್ಲಿಸಿದ ಕಾರಿನ ಬಾನೆಟ್ಟಿಗೂ ಹೀಗೆ ಬಾಲ ತಾಗಿಸುವುದನ್ನು ನೀವು ನೋಡಿರಬಹುದು. ಪಾಪ, ಆ ಹೊಳಪನ್ನೇ ನೀರು ಅಂದುಕೊಳ್ಳುತ್ತವೆ. ಇನ್ನು ಕೆಲವು ಗಿಡದ ದಂಟಿನೊಳಗೆ ಚುಚ್ಚಿ ಮೊಟ್ಟೆ ಇಡುತ್ತವೆ. ಅಂಥವು ಗಿಡದ ಜೊತೆಗೇ ಮನೆಗೆ ಬರುತ್ತವೆ, ಗಿಡ ತೊಳೆದರೂ ಹೋಗುವುದಿಲ್ಲ. ನನ್ನ ತೊಟ್ಟಿಗೆ ಬಂದಿದ್ದು ಅಂಗಡಿಯಿಂದ ತಂದ ಗಿಡದಲ್ಲೇ ಅಂತ ನನ್ನ ಅಂದಾಜು. ಈಗ ಹೊಸ ಗಿಡ ತಂದರೆ ಒಂದು ತಿಂಗಳು ಬೇರೆ ಬಕೆಟ್ಟಿನಲ್ಲಿಟ್ಟು, ಮರಿ ಹೊರಬಂದಿದೆಯಾ ಅಂತ ನೋಡಿ, ಆಮೇಲೆ ತೊಟ್ಟಿಗೆ ಹಾಕುತ್ತೇನೆ.

ತೆಗೆಯುವ ಕೆಲಸ ಒಂದು ಭಾನುವಾರದ್ದು. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿ ಮೀನುಗಳನ್ನು ಅದಕ್ಕೆ ಹಾಕಿ. ಹೊಸ ನಲ್ಲಿ ನೀರು ಬೇಡ, ಮೀನಿಗೆ ಒಗ್ಗದೆ ಹೋಗಬಹುದು. ತಾವರೆ ಕುಂಡವನ್ನು ಎತ್ತಿ, ದಂಟುಗಳ ಮೇಲೆ ಬೆರಳಾಡಿಸಿ. ತಳದ ಕೆಸರನ್ನು ಮಗ್ಗಿನಿಂದ ತೆಗೆದು ಬಿಳಿ ಟಬ್ಬಿಗೆ ಸ್ವಲ್ಪ ಸ್ವಲ್ಪ ಸುರಿದು ಐದು ನಿಮಿಷ ಸುಮ್ಮನೆ ಬಿಡಿ. ಇದರಲ್ಲಿ ಅವಸರ ಮಾಡಬೇಡಿ. ದಪ್ಪ ಹೊಟ್ಟೆಯ ಜಾತಿಗಳು ಮೈಮೇಲೆ ಕೆಸರು ಮೆತ್ತಿಕೊಂಡು ಸತ್ತ ಎಲೆಯ ಹಾಗೆ ಬಿದ್ದಿರುತ್ತವೆ. ಅವು ಅಲ್ಲಾಡಿದಾಗ ಮಾತ್ರ ಗೊತ್ತಾಗುವುದು. ನನಗೆ ಮೊದಲ ಸಲ ಹನ್ನೊಂದು ಸಿಕ್ಕವು, ಹತ್ತು ದಿನ ಬಿಟ್ಟು ನೋಡಿದಾಗ ಇನ್ನೂ ನಾಲ್ಕು. ಹಾಗಾಗಿ ಎರಡನೇ ಸಲ ತಪ್ಪದೆ ನೋಡಿ. ದಂಟಿನ ಮೇಲೆ ಬೆನ್ನು ಸೀಳಿದ ಒಣ ಪೊರೆ ಅಂಟಿದ್ದರೆ, ಅಲ್ಲಿಂದ ಒಂದು ಆಗಲೇ ಹಾರಿಹೋಗಿದೆ ಅಂತ ಅರ್ಥ. ಗಪ್ಪಿ ಮರಿ ಹಾಕುವ ಸಮಯದಲ್ಲಿ ತೊಟ್ಟಿಗೆ ಹಳೆಯ ಸೊಳ್ಳೆ ಪರದೆ ಕಟ್ಟಿ. ಮರಿಗಳು ಬೆಳೆದಮೇಲೆ ಬಿಚ್ಚಬಹುದು, ದೊಡ್ಡ ಗಪ್ಪಿಗಳಿಗೆ ಅಪಾಯ ಕಡಿಮೆ.

ಕೃಷಿ ಹೊಂಡದ ಲೆಕ್ಕ ಬೇರೆ. ಬೆರಳುದ್ದದ ಕಾಟ್ಲಾ, ರೋಹು ಮರಿ ಬಿಟ್ಟರೆ ಈ ಹುಳುವಿಗೆ ಅದು ದೊಡ್ಡ ತುತ್ತು, ಚಿಂತೆ ಬೇಡ. ಕೆಲವೇ ಮಿಲಿಮೀಟರ್ ಉದ್ದದ ಸ್ಪಾನ್, ಅಂದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮೀನು ಮರಿ, ಬಿಟ್ಟರೆ ಮಾತ್ರ ಕಷ್ಟ. ಸೋಪು ಎಣ್ಣೆ ಕಲಸಿ ಹಾಕಿ ಅಂತ ನಿಮಗೆ ಯಾರಾದರೂ ಹೇಳಬಹುದು. ಮೀನು ಮರಿ ಸಾಕುವ ಕೊಳಗಳಲ್ಲಿ ಹೆಕ್ಟೇರಿಗೆ 56 ಕಿಲೋ ಎಣ್ಣೆ, 18 ಕಿಲೋ ಸೋಪು ಅನ್ನುವ ಹಳೆಯ ಲೆಕ್ಕವಿದೆ. ಅದು ನೀರಿನ ಮೇಲೆ ಪದರ ಕಟ್ಟಿ, ಉಸಿರಿಗೆ ಮೇಲೆ ಬರುವ ನೀರು ತಿಗಣೆ, ಜೀರುಂಡೆಗಳನ್ನು ಕೊಲ್ಲುತ್ತದೆ. ನಮ್ಮ ಹುಳು ಉಸಿರಿಗೆ ಮೇಲೆ ಬರುವುದೇ ಇಲ್ಲವಲ್ಲ, ಅದಕ್ಕೆ ಇದು ನಾಟುವುದಿಲ್ಲ. ಹೊಂಡವನ್ನು ಒಣಗಿಸಿ, ಮರಿ ಬಿಡುವ ಸ್ವಲ್ಪ ದಿನ ಮುಂಚೆಯಷ್ಟೇ ಸಣ್ಣ ಜಾಲರಿಯಿಂದ ಸೋಸಿ ನೀರು ತುಂಬಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ನಿಂತ ನೀರಿಗೆ ಸ್ಪಾನ್ ಬಿಡಬೇಡಿ.

ಹಿಡಿದ ಹುಳುಗಳನ್ನು ಕೊಲ್ಲಬೇಡಿ ಅಂತ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. 1990ರ ದಶಕದಲ್ಲಿ ಮಲೇರಿಯಾ ತಡೆಯಲು ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು, ಸೊಳ್ಳೆ ಮರಿ ತಿನ್ನಲಿ ಅಂತ. ಈ ಹುಳು ಮಾಡುವುದೂ ಅದೇ ಕೆಲಸ. ರೆಕ್ಕೆ ಬಂದಮೇಲೂ ಸೊಳ್ಳೆ ಹಿಡಿಯುತ್ತದೆ. ಹತ್ತಿರದ ಕೆರೆಗೆ ಬಿಟ್ಟುಬನ್ನಿ. ಆದರೆ ಹುಳುವನ್ನು ಮಾತ್ರ. ಗಪ್ಪಿಯಾಗಲಿ ಅಂಗಡಿ ಗಿಡವಾಗಲಿ ಕೆರೆ ಸೇರಬಾರದು, ಅವು ನಮ್ಮ ನೀರಿನವಲ್ಲ.

ಕೆರೆ ದೂರ ಅಂದರೆ ಒಂದು ಹಳೆಯ ಬಕೆಟ್ಟಿನಲ್ಲಿ ನೀರು, ಸ್ವಲ್ಪ ಕೆಸರು ಹಾಕಿ ಅಲ್ಲೇ ಇಡಿ. ಅದರಲ್ಲಿ ಹುಟ್ಟುವ ಸೊಳ್ಳೆ ಮರಿಗಳೇ ಊಟ. ಒಂದೊಂದು ಬಕೆಟ್ಟಿಗೆ ಒಂದೊಂದೇ ಹಾಕಿ, ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. ನಾನು ಹೀಗೆ ಇಟ್ಟಿದ್ದು ಐದು ವಾರದ ನಂತರ ಒಂದು ಬೆಳಗಿನ ಜಾವ ಕಡ್ಡಿ ಹತ್ತಿ ಕೂತಿತ್ತು. ಬೆನ್ನು ಸೀಳಿ, ಮುದುಡಿದ ರೆಕ್ಕೆಗಳು ಹೊರಬಂದು, ಬಿಸಿಲಿಗೆ ಒಣಗಿ ಗಟ್ಟಿಯಾಗುವವರೆಗೂ ನಾನೂ ಮಗಳೂ ಕಾಫಿ ತಿಂಡಿ ಮರೆತು ನೋಡಿದೆವು. ಬಕೆಟ್ಟಿನಲ್ಲಿ ನೀರಿನಿಂದ ಒಂದು ಗೇಣು ಮೇಲೆ ಬರುವ ಹಾಗೆ ಒರಟು ಕಡ್ಡಿ ನಿಲ್ಲಿಸಿ. ಹತ್ತಲು ಏನೂ ಸಿಗದಿದ್ದರೆ ಅದು ನೀರಲ್ಲೇ ಸಾಯುತ್ತದೆ.