ಗೇಮ್ ಆಡೋಕೆ ಡಬ್ಬಾ ಟಿವಿ ಹುಡುಕುವವರಿಗೆ

ಈ ಸಲ ಮಿಕ್ಸಿ, ಫ್ರಿಜ್ಜಿನ ಪ್ರಶ್ನೆಗಳು ಕಮ್ಮಿ. ಜಾಸ್ತಿ ಬಂದಿರುವುದು ಹಳೇ ಡಬ್ಬಾ ಟಿವಿ ಮತ್ತು ವಿಡಿಯೋ ಗೇಮ್ ಬಗ್ಗೆ. ತುಮಕೂರಿನ ನಮ್ಮ ರಿಪೇರಿ ಅಂಗಡಿಗೂ ಹುಡುಗರು ಅದನ್ನೇ ಕೇಳಿಕೊಂಡು ಬರುತ್ತಿದ್ದಾರೆ. ಅಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ರಿಪೇರಿಗೆ ಬಿಟ್ಟು, ಮಾಲೀಕರು ಮರೆತೇ ಹೋದ ಸೆಟ್ಟುಗಳು ಹಿಂದಿನ ಕೋಣೆಯಲ್ಲಿ ಇನ್ನೂ ಇವೆ. ಈಗ ಅವಕ್ಕೂ ಗಿರಾಕಿ! ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೇಡಂ, ಅಟ್ಟದ ಮೇಲಿದ್ದ ಪ್ಲೇಸ್ಟೇಷನ್ 2 ಇಳಿಸಿ ನಮ್ಮ 43 ಇಂಚಿನ ಎಲ್‌ಇಡಿ ಟಿವಿಗೆ ಹಾಕಿದೆ. ಚಿತ್ರವೆಲ್ಲ ಮಸುಕು. ಕ್ರಿಕೆಟ್ ಆಡಿದರೆ ನಾನು ಬಟನ್ ಒತ್ತಿ ಆದ ಮೇಲೆ ಬ್ಯಾಟ್ಸ್‌ಮನ್ ಬ್ಯಾಟ್ ಬೀಸುತ್ತಾನೆ. ಗುಜರಿ ಅಂಗಡಿಯಲ್ಲಿ 21 ಇಂಚಿನ ಹಳೇ ಟಿವಿ ಇದೆ, 800 ರೂಪಾಯಿ ಹೇಳುತ್ತಿದ್ದಾರೆ. ತರಬಹುದಾ?
– ಕಾಲೇಜು ವಿದ್ಯಾರ್ಥಿ, ತುಮಕೂರು

ತರಬಹುದು. ಆದರೆ ಹಚ್ಚಿ ನೋಡದೆ ದುಡ್ಡು ಕೊಡಬೇಡಪ್ಪ.

ಮೊದಲು ಒಂದು ಕೆಲಸ ಮಾಡು. ಮನೆಯ ಎಲ್‌ಇಡಿ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಇದೆಯಾ ನೋಡು. ಇದ್ದರೆ ಆನ್ ಮಾಡು. ಬ್ಯಾಟು ತಡವಾಗಿ ಏಳುವುದು ಅದರಲ್ಲೇ ಎಷ್ಟೋ ಕಮ್ಮಿಯಾಗುತ್ತದೆ, ಖರ್ಚೂ ಇಲ್ಲ. ಮಸುಕು ಮಾತ್ರ ಹೋಗುವುದಿಲ್ಲ. ಪ್ಲೇಸ್ಟೇಷನ್ 2 ಬಂದದ್ದು 2000ದಲ್ಲಿ, ಆ ಕಾಲದ ಟಿವಿ ನೋಡಿಕೊಂಡು ಮಾಡಿದ ಯಂತ್ರ ಅದು. ನಮ್ಮ ದೇಶದ ಟಿವಿ ಸಿಗ್ನಲ್ಲಿನ ಪದ್ಧತಿಗೆ ಪಾಲ್ ಅಂತಾರೆ, ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆ. ಅದನ್ನು ಅರ್ಧರ್ಧ ಮಾಡಿ, ಸೆಕೆಂಡಿಗೆ 50 ಸಲ ಕಳಿಸುತ್ತಾರೆ. ಡಬ್ಬಾ ಟಿವಿಯಲ್ಲಿ ಸಿಗ್ನಲ್ ಬಂದ ಹಾಗೇ ಗೆರೆ ಬೀಳುತ್ತಾ ಹೋಗುತ್ತದೆ, ಕಾಯುವ ಮಾತಿಲ್ಲ. ಎಲ್‌ಇಡಿ ಟಿವಿ ಅದನ್ನು ಹಿಡಿದಿಟ್ಟುಕೊಂಡು, ಎರಡು ಅರ್ಧ ಸೇರಿಸಿ, ತನ್ನ 1080 ಗೆರೆಗೆ ಎಳೆದು, ಆಮೇಲೆ ತೋರಿಸುತ್ತದೆ. ನಿನ್ನ ಸಿಕ್ಸರ್ ಕ್ಯಾಚ್ ಆಗುವುದು ಈ ಗ್ಯಾಪಿನಲ್ಲೇ.

ಇನ್ನು ಗುಜರಿ ಅಂಗಡಿಯ ಸೆಟ್ಟು. ಹೊರಗಿನ ಬಾಡಿ ಒಡೆದಿದ್ದರೂ ಪರವಾಗಿಲ್ಲ, ಚಿತ್ರ ಮೂಡಿಸುವ ಗಾಜಿನ ಟ್ಯೂಬು ಚೆನ್ನಾಗಿರಬೇಕು. ಉಳಿದ ಪಾರ್ಟು ಹೇಗೋ ಹೊಂದಿಸಬಹುದು, ಟ್ಯೂಬು ಹೋದರೆ ಆ ಟಿವಿ ಮುಗಿಯಿತು. ಅದಕ್ಕೆ ಅಂಗಡಿಯವರಿಗೆ ಮೊದಲೇ ಹೇಳು, ‘ನಾನು ಬರೋವರೆಗೂ ಆನ್ ಮಾಡಬೇಡಿ ಅಣ್ಣಾ’ ಅಂತ. ತಣ್ಣಗಿರುವ ಸೆಟ್ಟನ್ನು ನೀನೇ ಆನ್ ಮಾಡು. ಕೆಲವೇ ಸೆಕೆಂಡಿನಲ್ಲಿ ಚಿತ್ರ ಬರಬೇಕು. ಮೊದಲು ಮಂಕಾಗಿ ಬಂದು, ಬೆಳಕು ಏರೋಕೆ ನಿಮಿಷಗಟ್ಟಲೆ ತೆಗೆದುಕೊಂಡರೆ ಟ್ಯೂಬು ವೀಕು. ಬ್ರೈಟ್‌ನೆಸ್ ಏರಿಸಿದಾಗ ಬಿಳಿ ಬಣ್ಣ ಪಕ್ಕಕ್ಕೆ ಹರಡಿಕೊಂಡರೂ ಅದೇ ಕಥೆ. ‘ಟ್ಯೂಬ್ ಬೂಸ್ಟ್ ಮಾಡಿಸಿ ಕೊಡ್ತೀವಿ’ ಅನ್ನುವವರಿದ್ದಾರೆ. ಸ್ವಲ್ಪ ದಿನ ಹೊಳೆದು ಮತ್ತೆ ಮಲಗುತ್ತದೆ. ಬೇಡ.

ನಿನ್ನ ಗೇಮು, ವೈರು, ರಿಮೋಟು ಎಲ್ಲ ಬ್ಯಾಗಿನಲ್ಲಿ ಹಾಕಿಕೊಂಡೇ ಹೋಗು. ಕೇಬಲ್ ಟಿವಿ ಚಾನೆಲ್ ನೋಡಿ ತೀರ್ಮಾನ ಮಾಡಬೇಡ. ಸ್ಕೋರ್ ಬೋರ್ಡಿನ ಸಣ್ಣ ಅಕ್ಷರ ಮೂಲೆಯಲ್ಲೂ ಓದೋಕೆ ಬರುತ್ತದಾ ನೋಡು. ಕತ್ತಲೆ ದೃಶ್ಯದಿಂದ ತಟ್ಟನೆ ಬಿಳಿ ದೃಶ್ಯ ಬಂದಾಗ ಚಿತ್ರ ಉಬ್ಬಿ ದೊಡ್ಡದಾದರೆ ಒಳಗಿನ ಪವರ್ ಸಪ್ಲೈ ಸರಿಯಿಲ್ಲ, ಆ ಲೆಕ್ಕದಲ್ಲಿ ಬೆಲೆ ಇಳಿಸು. ಗೇಮಿನ ವೈರು ಚುಚ್ಚುವ ಎವಿ ಸಾಕೆಟ್ಟು ಅಲ್ಲಾಡಿಸಿ ನೋಡು. ಟಿವಿಯದೇ ರಿಮೋಟು ಇದೆಯಾ ಅಂತಲೂ ಕೇಳು. ಎಷ್ಟೋ ಸೆಟ್ಟುಗಳಲ್ಲಿ ಎವಿಗೆ ಹೋಗೋಕೆ ಮುಂದೆ ಬಟನ್ನೇ ಇರುವುದಿಲ್ಲ. ಕೆಲವದರಲ್ಲಿ ಚಾನೆಲ್ ಒಂದರಿಂದ ಕೆಳಗೆ ಇಳಿದರೆ ಸೊನ್ನೆ, ಅದಾದ ಮೇಲೆ ಎವಿ. ಇದು ಗೊತ್ತಿಲ್ಲದೆ ‘ಎವಿ ಕೆಟ್ಟಿದೆ’ ಅಂತ ಒಳ್ಳೆ ಸೆಟ್ಟನ್ನು ಗುಜರಿಗೆ ಹಾಕಿದವರಿದ್ದಾರೆ.

ಸೋನಿ ಟ್ರಿನಿಟ್ರಾನ್ ಸಿಕ್ಕರೆ, ಪರದೆಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಬೂದು ಗೆರೆ ಒಂದೋ ಎರಡೋ ಕಾಣುತ್ತದೆ. ಅದು ದೋಷ ಅಲ್ಲ. ಆ ಟ್ಯೂಬಿನೊಳಗೆ ಮೇಲಿನಿಂದ ಕೆಳಕ್ಕೆ ಬಿಗಿದ ಸಣ್ಣ ತಂತಿಗಳಿರುತ್ತವೆ. ಅವು ನಡುಗದ ಹಾಗೆ ಹಿಡಿಯೋಕೆ ಹಾಕಿದ ಅಡ್ಡ ತಂತಿಯ ನೆರಳು ಅದು. ಅಂಗಡಿಯವರಿಗೆ ಇದು ಗೊತ್ತಿಲ್ಲದಿದ್ದರೆ ಬೆಲೆ ಕಮ್ಮಿ ಮಾಡಿಸೋಕೆ ನಿನಗೆ ಅನುಕೂಲ, ಆ ಪಾಪ ನನ್ನ ತಲೆಗೆ ಕಟ್ಟಬೇಡ.

ಆಟೋದಲ್ಲಿ ತರುವಾಗ ಗಾಜಿನ ಭಾಗ ಸೀಟಿನ ಒರಗಿಗೆ ತಾಗಿರಲಿ. ಕೈಯಲ್ಲಿ ಎತ್ತುವಾಗ ಗಾಜು ಎದೆ ಕಡೆ ಇರಲಿ, ಭಾರವೆಲ್ಲ ಅಲ್ಲೇ.

ತಿಪಟೂರಿನಲ್ಲಿ ನಮ್ಮ ಮಾವ 29 ಇಂಚಿನ ಫ್ಲ್ಯಾಟ್ ಪರದೆಯ ಡಬ್ಬಾ ಟಿವಿ ಸುಮ್ನೆ ಕೊಡ್ತೀನಿ ಅಂತಿದ್ದಾರೆ. ಮೇಲೆ 100 ಹರ್ಟ್ಸ್ ಅಂತ ಬರೆದಿದೆ. ಅದು ಇನ್ನೂ ಒಳ್ಳೆಯದಲ್ವಾ?
– ತಿಪಟೂರು

ಸಿನಿಮಾ ನೋಡೋಕೆ ಒಳ್ಳೆಯದು. ಗೇಮಿಗೆ ನಾನಾದರೆ ಬೇಡ ಅಂತೀನಿ. 100 ಹರ್ಟ್ಸ್ ಅಂದರೆ ಬಂದ ಚಿತ್ರವನ್ನು ಒಳಗೆ ಡಿಜಿಟಲ್ ಮಾಡಿ ಎರಡೆರಡು ಸಲ ತೋರಿಸುತ್ತದೆ. ಕಣ್ಣಿಗೆ ಮಿಣುಕು ಕಮ್ಮಿ, ಆದರೆ ಎಲ್‌ಇಡಿ ಟಿವಿಯ ಹಾಗೇ ಇಲ್ಲೂ ತಡ ಸೇರಿಕೊಳ್ಳುತ್ತದೆ. ಹಿಂಭಾಗ ಕಮ್ಮಿ ಇರುವ ‘ಸ್ಲಿಮ್’ ಡಬ್ಬಾ ಆಗಿದ್ದರೆ ಇನ್ನೊಂದು ತೊಂದರೆ: ಮೂಲೆಗಳಲ್ಲಿ ಗೆರೆ ಸೊಟ್ಟ ಆಗುವುದು ಜಾಸ್ತಿ. ಮತ್ತೆ ತೂಕ. 29 ಇಂಚಿನದು ಎತ್ತೋಕೆ ಇಬ್ಬರು ಗಟ್ಟಿ ಆಳು ಬೇಕು. 20-21 ಇಂಚಿನ ಮಾಮೂಲಿ 50 ಹರ್ಟ್ಸ್ ಸೆಟ್ಟು, ನಾಲ್ಕೈದು ಅಡಿ ದೂರದಲ್ಲಿ ಕೂತರೆ, ಆಟಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಾವನಿಗೆ ಬೇಜಾರಾಗದ ಹಾಗೆ ಹೇಳುವುದು ನಿಮಗೆ ಬಿಟ್ಟದ್ದು.

ಪಿಎಸ್ 1, ಪಿಎಸ್ 2 (ಪ್ಲೇಸ್ಟೇಷನ್ 1, 2) ಎರಡೂ ಇವೆ. ಹಳದಿ ಪಿನ್ನಿನ ವೈರ್ ಬಿಟ್ಟು ಎಸ್-ವಿಡಿಯೋ, ಕಾಂಪೊನೆಂಟ್, ಸ್ಕಾರ್ಟ್ ಅಂತೆಲ್ಲ ಹೇಳುತ್ತಾರೆ. ಯಾವುದು ತರಲಿ? ಚಿನ್ನದ ಲೇಪನದ ಪಿನ್ ಬೇಕಾ?
– ಗುಬ್ಬಿ

ವೈರಿನ ಅಂಗಡಿಗೆ ಹೋಗುವ ಮೊದಲು ಟಿವಿಯ ಹಿಂದೆ ಹೋಗಿ. ಅಲ್ಲಿ ಯಾವ ಸಾಕೆಟ್ಟು ಇದೆಯೋ ಅದಕ್ಕೆ ತಕ್ಕ ವೈರು. ಅಷ್ಟೇ ಲೆಕ್ಕ.

ಹಳದಿ ಪಿನ್ನಿನಲ್ಲಿ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಅದನ್ನು ಮತ್ತೆ ಬೇರೆ ಮಾಡಬೇಕು, ಪೂರ್ತಿ ಆಗುವುದಿಲ್ಲ. ಕೆಂಪು ಬಣ್ಣದ ಅಂಚಿನಲ್ಲಿ ಚುಕ್ಕೆಗಳು ಇರುವೆ ಸಾಲಿನ ಹಾಗೆ ಹರಿಯುವುದು ಅದಕ್ಕೇ. ಎಸ್-ವಿಡಿಯೋ ಅಂದರೆ ದುಂಡಗಿನ, ನಾಲ್ಕು ಪಿನ್ನಿನ ಸಾಕೆಟ್ಟು. ಅದರಲ್ಲಿ ಬೆಳಕು ಒಂದು ದಾರಿ, ಬಣ್ಣ ಒಂದು ದಾರಿ. ಅಕ್ಷರ ನೋಡಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಕಾಂಪೊನೆಂಟ್‌ನಲ್ಲಿ ಹಸಿರು, ನೀಲಿ, ಕೆಂಪು ಮೂರು ಪಿನ್ನು ಚಿತ್ರಕ್ಕೇ. ಸೌಂಡಿನ ಕೆಂಪು, ಬಿಳಿ ಬೇರೆ. ಆಮೇಲಿನ ಡಬ್ಬಾ ಟಿವಿಗಳಲ್ಲಿ ಡಿವಿಡಿಗೆ ಅಂತ ಇದನ್ನು ಕೊಟ್ಟಿರುತ್ತಿದ್ದರು. ನಿಮ್ಮದರಲ್ಲಿ ಇದ್ದರೆ ಪಿಎಸ್ 2ಗೆ ಕಣ್ಣು ಮುಚ್ಚಿ ಅದನ್ನೇ ಹಾಕಿ. ಪಿಎಸ್ 1ಕ್ಕೆ ಮಾತ್ರ ಹಾಕಬೇಡಿ. ಎರಡರ ಹಿಂದೆಯೂ ಸಾಕೆಟ್ಟು ಒಂದೇ ಥರ, ವೈರು ಕೂರುತ್ತದೆ. ಆದರೆ ಪಿಎಸ್ 1 ಕಾಂಪೊನೆಂಟ್ ಸಿಗ್ನಲ್ ಕೊಡುವುದೇ ಇಲ್ಲ. ಅದಕ್ಕೆ ಎಸ್-ವಿಡಿಯೋ ಸಾಕು.

ಪಿಎಸ್ 2ಗೆ ಕಾಂಪೊನೆಂಟ್ ಹಾಕುವ ಮೊದಲು, ಹಳದಿ ವೈರಿನಲ್ಲಿ ಇರುವಾಗಲೇ ಅದರ ಸಿಸ್ಟಮ್ ಮೆನುಗೆ ಹೋಗಿ. ‘ಕಾಂಪೊನೆಂಟ್ ವಿಡಿಯೋ ಔಟ್’ ಅಂತ ಇದೆ. ಅದು ಆರ್‌ಜಿಬಿ ಮೇಲಿದ್ದರೆ ವೈ-ಸಿಬಿ-ಸಿಆರ್‌ಗೆ ಬದಲಿಸಿ, ಆಮೇಲೆ ವೈರು ಬದಲಿಸಿ. ಇಲ್ಲದಿದ್ದರೆ ಬಣ್ಣ ಎಲ್ಲ ಹಸಿರು ಹಸಿರಾಗಿ, ‘ವೈರ್ ಡೂಪ್ಲಿಕೇಟು’ ಅಂತ ಅಂಗಡಿಯವರ ಹತ್ತಿರ ಜಗಳ ಶುರು. ಇನ್ನೊಂದು, ಕೆಲವು ಆಟಗಳು ಶುರುವಾಗುವಾಗ ತ್ರಿಕೋನ ಮತ್ತು ಕ್ರಾಸ್ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಪ್ರೊಗ್ರೆಸಿವ್ ಸ್ಕ್ಯಾನ್ (ಅರ್ಧರ್ಧ ಅಲ್ಲದೆ ಪೂರ್ತಿ ಚಿತ್ರ ಒಟ್ಟಿಗೆ ಕಳಿಸುವುದು) ಬೇಕಾ ಅಂತ ಕೇಳುತ್ತವೆ. ಮಾಮೂಲಿ ಡಬ್ಬಾ ಟಿವಿಯಲ್ಲಿ ಅದಕ್ಕೆ ‘ನೋ’ ಅನ್ನಿ. ‘ಯೆಸ್’ ಅಂದರೆ ಚಿತ್ರ ಹರಿದು ಚಿಂದಿ.

ಸ್ಕಾರ್ಟ್ ಯೂರೋಪಿನವರದ್ದು, 21 ಪಿನ್ನಿನ ಉದ್ದ ಸಾಕೆಟ್ಟು. ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ನಿಜ. ನಮ್ಮಲ್ಲಿನ ಸೆಟ್ಟುಗಳಲ್ಲಿ ಅದು ಇರುವುದು ಅಪರೂಪ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚಿನ್ನದ ಲೇಪನವೂ ಬೇಡ. ಪಿನ್ನು ಬಿಗಿಯಾಗಿ ಕೂರಬೇಕು, ವೈರು ಒಂದೂವರೆ ಎರಡು ಮೀಟರ್ ಇದ್ದರೆ ಸಾಕು, ಒಳಗೆ ಜಾಲರಿ ಸುತ್ತಿರಬೇಕು. ಕೈಗೆ ತೀರಾ ತೆಳ್ಳಗೆ ಸಿಗುವ ವೈರಿನಲ್ಲಿ ಜಾಲರಿ ಹೆಸರಿಗಷ್ಟೇ ಇರುತ್ತದೆ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್. ಅಲ್ಲಿ ಕೇಳುವಾಗ ‘ಪಿಎಸ್ 2 ಕಾಂಪೊನೆಂಟ್’ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಡಿವಿಡಿ ಪ್ಲೇಯರಿನದ್ದು ಕೈಗಿಡುತ್ತಾರೆ.

ಹಳದಿ ಪಿನ್ ಮಾತ್ರ ಇದೆಯಾ? ಬೇಜಾರು ಬೇಡ. ಆ ಕಾಲದ ಆಟ ಬರೆದವರೂ ಅದನ್ನು ನೋಡಿಕೊಂಡೇ ಬರೆದಿದ್ದಾರೆ. ಸೆಗಾದ ಸೋನಿಕ್ ಆಟದ ಜಲಪಾತ ನೋಡಿ. ಒಂದು ಗೆರೆ ಬಿಟ್ಟು ಒಂದು ಗೆರೆ ನೀರು ಬರೆದಿದ್ದಾರೆ. ಹಳದಿ ವೈರಿನಲ್ಲಿ ಅದು ಕಲಸಿಕೊಂಡು ನೀರಿನ ಹಿಂದಿನದ್ದು ಕಾಣುವ ಹಾಗೆ ಆಗುತ್ತದೆ. ಒಳ್ಳೆ ವೈರು ಹಾಕಿದರೆ ಬರೀ ಪಟ್ಟೆ ಪಟ್ಟೆ!

ಹಳೇ ಕ್ಯಾಸೆಟ್ ಗೇಮಿನ ಗನ್ ಎಲ್‌ಇಡಿ ಟಿವಿಯಲ್ಲಿ ಒಂದು ಬಾತುಕೋಳಿಗೂ ತಾಗುತ್ತಿಲ್ಲ. ಗನ್ ಕೆಟ್ಟಿದೆಯಾ?
– ಶಿರಾ

ಗನ್ ಸರಿಯಾಗೇ ಇರಬಹುದು. ಅದರಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬೆಳಕು ನೋಡುವ ಕಣ್ಣು ಅಷ್ಟೆ. ನೀವು ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಆ ಹೊತ್ತಿಗೆ ಗನ್ನಿಗೆ ಬೆಳಕು ಕಂಡರೆ ಹಕ್ಕಿ ಬಿತ್ತು. ಎಲ್‌ಇಡಿ ಟಿವಿ ಆ ಚೌಕವನ್ನು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗೇಮು ‘ತಪ್ಪಿತು’ ಅಂತ ಬರೆದುಕೊಂಡಾಗಿದೆ. ಜೊತೆಗೆ ಅಸಲಿ ಗನ್ನಿನ ಸರ್ಕ್ಯೂಟು ಡಬ್ಬಾ ಟಿವಿಯ ಗೆರೆಗಳ ವೇಗಕ್ಕೆ, ಸೆಕೆಂಡಿಗೆ ಹದಿನೈದು ಸಾವಿರ ಚಿಲ್ಲರೆ, ಹೊಂದಿಸಿದ್ದು. ಡಬ್ಬಾ ಟಿವಿಗೆ ಹಾಕಿ, ಬ್ರೈಟ್‌ನೆಸ್ ಸ್ವಲ್ಪ ಏರಿಸಿ ನೋಡಿ.

ಹಳೇ ಟಿವಿ ಆನ್ ಮಾಡಿದಾಗ ಮಕ್ಕಳು ‘ಕುಂಯ್ ಅಂತಿದೆ’ ಅನ್ನುವುದೂ ಅದೇ ವೇಗದ ಸದ್ದು. ವಯಸ್ಸಾದವರ ಕಿವಿಗೆ ಅದು ಬೀಳುವುದಿಲ್ಲ. ನನಗೆ ಈಗೀಗ ಕೇಳಿಸುತ್ತಿಲ್ಲ.

ಎವಿಯಿಂದ ಎಚ್‌ಡಿಎಂಐ ಮಾಡುವ ಡಬ್ಬಿ ತಂದೆ. ಚಿತ್ರವೇ ಇಲ್ಲ.
– ಕುಣಿಗಲ್

ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ‘ಎಚ್‌ಡಿಎಂಐ 2 ಎವಿ’ ಅಂತಿದ್ದರೆ ಉಲ್ಟಾ ತಂದಿದ್ದೀರಿ, ಬದಲಿಸಿಕೊಳ್ಳಿ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಸರಿಯಾದದ್ದೇ ಆಗಿದ್ದರೆ ಅದಕ್ಕೆ ಯುಎಸ್‌ಬಿ ಕರೆಂಟು ಕೊಟ್ಟಿದ್ದೀರಾ ನೋಡಿ.

ಮೂಲೆಯಲ್ಲಿ ನೇರಳೆ ಬಣ್ಣದ ಪ್ಯಾಚ್ ಬಂದಿದೆ. ನಾನು ಸ್ವಲ್ಪ ಸೋಲ್ಡರಿಂಗ್ ಕಲಿತಿದ್ದೇನೆ. ಬಿಚ್ಚಿ ನೋಡಲಾ?
– ಮಧುಗಿರಿ

ಬಿಚ್ಚಬೇಡಿ. 21 ಇಂಚಿನ ಟ್ಯೂಬಿನ ಮೇಲೆ ಕಪ್ಪು ರಬ್ಬರ್ ಟೋಪಿ ಹಾಕಿದ ಜಾಗದಲ್ಲಿ 25,000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅಲ್ಲಿ ಚಾರ್ಜ್ ಉಳಿದಿರುತ್ತದೆ. ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ಮೇಲೆ. ಅದನ್ನು ಡಿಸ್‌ಚಾರ್ಜ್ ಮಾಡುವುದನ್ನು ಅಪ್ಪ ನನಗೆ ಪಕ್ಕದಲ್ಲಿ ನಿಂತು ಕಲಿಸಿದ್ದು. ಬರಹ ಓದಿ ಕಲಿಯುವ ಕೆಲಸ ಅಲ್ಲ, ಅದಕ್ಕೇ ಇಲ್ಲಿ ಬರೆಯುವುದೂ ಇಲ್ಲ.

ನಿಮ್ಮ ತೊಂದರೆಗೆ ಬಿಚ್ಚುವ ಅಗತ್ಯವೇ ಬೀಳದಿರಬಹುದು. ಟಿವಿ ಪಕ್ಕ ಹೋಮ್ ಥಿಯೇಟರಿನ ಸ್ಪೀಕರ್ ಇದೆಯಾ? ದೂರ ಇಡಿ. ಆಮೇಲೆ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಆಗುವುದಿಲ್ಲ. ಆನ್ ಆಗುವಾಗ ‘ಡುಂಯ್’ ಅಂತ ಸದ್ದು ಬಂದರೆ ಟ್ಯೂಬಿನ ಸುತ್ತ ಇರುವ ಕಾಯಿಲ್ ಕೆಲಸ ಮಾಡಿ ಮ್ಯಾಗ್ನೆಟ್ ಅಂಶ ತೆಗೆಯಿತು ಅಂತ. ಎರಡು ಮೂರು ಸಲ ಹೀಗೆ ಮಾಡಿದರೆ ಪ್ಯಾಚ್ ಹೋಗುತ್ತದೆ. ಸದ್ದೇ ಬರದಿದ್ದರೆ ಸಾಮಾನ್ಯವಾಗಿ ಹೋಗಿರುವುದು ಪೊಸಿಸ್ಟರ್, ಸಣ್ಣ ಪಾರ್ಟು. ನಿಮ್ಮೂರಿನ ಹಳೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಬೇಗನೆ ಹಾಕಿಕೊಡುತ್ತಾರೆ.

ಅಣ್ಣ ಜಪಾನಿನಿಂದ ಸೂಪರ್ ಫ್ಯಾಮಿಕಾಮ್ ಅನ್ನುವ ಹಳೇ ವಿಡಿಯೋ ಗೇಮ್ ತಂದಿದ್ದಾನೆ. ಸ್ನೇಹಿತನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ನೋಡಿದೆ, ಚಿತ್ರ ಕಪ್ಪು ಬಿಳುಪು. ಟ್ರಾನ್ಸ್‌ಫಾರ್ಮರ್ ವಾಪಸ್ ಕೊಡಬೇಕು. ಇಲ್ಲಿನ ಅಡಾಪ್ಟರ್ ಹಾಕಬಹುದಾ?
– ಕೊರಟಗೆರೆ

ಬಣ್ಣದ ವಿಷಯ ಸುಲಭ. ಜಪಾನಿನದ್ದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಟಿವಿ ಮೆನುವಿನಲ್ಲಿ ‘ಕಲರ್ ಸಿಸ್ಟಮ್’ ಹುಡುಕಿ, ಎನ್‌ಟಿಎಸ್‌ಸಿ 3.58 ಅಥವಾ ಆಟೋಗೆ ಹಾಕಿ. ಆ ಮೆನು ಇಲ್ಲದಿದ್ದರೆ ನಿಮ್ಮದು ಬರೀ ಪಾಲ್ ಟಿವಿ ಇರಬಹುದು, ಮಲ್ಟಿ ಸಿಸ್ಟಮ್ ಸೆಟ್ಟು ನೋಡಬೇಕಾಗುತ್ತದೆ.

ಅಡಾಪ್ಟರ್ ವಿಷಯ ಸೂಕ್ಷ್ಮ. ಜಪಾನಿನಲ್ಲಿ ಮನೆ ಕರೆಂಟು 100 ವೋಲ್ಟ್, ಇಲ್ಲಿ 230. ಅಲ್ಲಿನ ಅಡಾಪ್ಟರನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟು ಹೋಗುತ್ತದೆ. ಇಲ್ಲಿನದ್ದು ಹಾಕಬಹುದು, ಆದರೆ 10 ವೋಲ್ಟ್ ಡಿಸಿ ಇರಬೇಕು, ಕರೆಂಟು 850 ಮಿಲಿ ಆಂಪಿಯರ್‌ಗೆ ಕಮ್ಮಿ ಇರಬಾರದು. ಪಿನ್ನಿನ ನಡುವಿನದ್ದು ಮೈನಸ್, ಹೊರಗಿನದ್ದು ಪ್ಲಸ್ ಇರಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಇದಕ್ಕೆ ಉಲ್ಟಾ. ಅಡಾಪ್ಟರ್ ಮೇಲಿನ ಗುರುತು ನೋಡಿ, ಮೀಟರಿನಲ್ಲೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸ್ನೇಹಿತನ ಹತ್ತಿರ ಟ್ರಾನ್ಸ್‌ಫಾರ್ಮರ್ ಇನ್ನೊಂದು ವಾರ ಕೇಳಿ ಇಟ್ಟುಕೊಳ್ಳಿ.