ಆಳನಿದ್ರೆಗೆ ಹೆಡ್‌ಬ್ಯಾಂಡ್ ಬೇಕೇ?

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ಶಿಕ್ಷಕಿ. ರಾತ್ರಿ ಎರಡಕ್ಕೇ ಎಚ್ಚರವಾಗುತ್ತದೆ, ಹೆಸರುಗಳು ಮರೆಯುತ್ತವೆ. ಸ್ಮಾರ್ಟ್‌ವಾಚ್ ಆಳನಿದ್ರೆ ಬರೀ 25 ನಿಮಿಷ ಎನ್ನುತ್ತದೆ. ತಲೆಗೆ ಸಣ್ಣ ವಿದ್ಯುತ್ ಹರಿಸಿ ಆಳನಿದ್ರೆ ಹೆಚ್ಚಿಸುವ ಹೆಡ್‌ಬ್ಯಾಂಡ್ ತರಿಸುತ್ತೇನೆಂದು ಮಗ ಹೇಳುತ್ತಾನೆ. ಹಾಕಿಕೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಬೇಡವೆಂದು ಮಗನಿಗೆ ಹೇಳಿ. ಆ 25 ನಿಮಿಷದ ಚಿಂತೆಯನ್ನೂ ಬಿಡಿ. ವಾಚು ನಾಡಿಬಡಿತ, ಕೈಯ ಅಲುಗಾಟ ನೋಡಿ ಅಂದಾಜು ಮಾಡುತ್ತದೆ, ಮಿದುಳಿನ ಅಲೆ ಅದಕ್ಕೆ ಕಾಣುವುದಿಲ್ಲ. ಅಲೆ ಕಾಣಬೇಕಾದರೆ ನೆತ್ತಿಗೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ತಂತಿ ಅಂಟಿಸಬೇಕು. ಆಳನಿದ್ರೆ ಬಂದಾಗ ಪರದೆಯ ಮೇಲೆ ಚಡಪಡಿಸುತ್ತಿದ್ದ ಗೆರೆ ನಿಧಾನವಾಗಿ, ಸೆಕೆಂಡಿಗೆ ಸುಮಾರು ಒಂದರಂತೆ ದೊಡ್ಡ ದೊಡ್ಡ ಅಲೆಯಾಗುತ್ತದೆ. ಅಸಂಖ್ಯ ನರಕೋಶಗಳು ಒಟ್ಟಿಗೆ ಸುಮ್ಮನಾಗಿ ಒಟ್ಟಿಗೆ ಏಳುವ ಲಯ ಅದು. ವಯಸ್ಸಾದಂತೆ ಅಲೆಯ ಎತ್ತರ ತಗ್ಗುವುದು ಸಹಜ.

ಮಗನ ಮಾತಿಗೆ ಆಧಾರವಿಲ್ಲದೆ ಇಲ್ಲ. 2006ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಸಂಶೋಧಕರಾದ ಲೀಸಾ ಮಾರ್ಷಲ್, ಯಾನ್ ಬಾರ್ನ್ ಮತ್ತು ಸಂಗಡಿಗರು ನಿದ್ದೆಯಲ್ಲಿದ್ದ ಯುವಜನರ ಹಣೆಯ ಎರಡೂ ಬದಿಗೆ 0.75 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಮುಕ್ಕಾಲು ಸಲದಂತೆ ಏರಿಳಿಯುವ ವಿದ್ಯುತ್ ಹರಿಸಿದರು. ರಾತ್ರಿ ಕಲಿತ ಪದಜೋಡಿಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ಆದರೆ ಬೇರೆಯವರು ಮಾಡಿ ನೋಡಿದಾಗ, ಅದರಲ್ಲೂ ಹಿರಿಯರಲ್ಲಿ, ಫಲ ಒಂದೇ ತೆರನಾಗಿ ಬರಲಿಲ್ಲ. 2018ರಲ್ಲಿ ಶವಗಳ ಮೇಲೆ ಅಳೆದಾಗ, ಹರಿಸಿದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಚರ್ಮ, ತಲೆಬುರುಡೆಯಲ್ಲೇ ಕಳೆದುಹೋಗುವುದು ಗೊತ್ತಾಯಿತು.

ನನಗೆ ಹೆಚ್ಚು ಭರವಸೆಯಿರುವುದು ಸದ್ದಿನ ಮೇಲೆ. 2013ರಲ್ಲಿ ಜರ್ಮನಿಯಲ್ಲೇ ನಡೆದ ಪ್ರಯೋಗದಲ್ಲಿ, ಅಲೆ ಏರುವ ಗಳಿಗೆಗೇ 50 ಮಿಲಿಸೆಕೆಂಡಿನ ಮೆಲುಸದ್ದು ಕೇಳಿಸಿದಾಗ ಅಲೆ ಬಲಗೊಂಡಿತು. ಸೀರೆಯ ಜೋಲಿ ತೂಗುವಾಗಲೂ ಹೀಗೇ ಅಲ್ಲವೇ? ಜೋಲಿಯ ಓಟಕ್ಕೆ ಹೊಂದಿಸಿ ಬೆರಳು ತಾಕಿಸಿದರೆ ಸಾಕು, ಹೊತ್ತು ತಪ್ಪಿ ಎಳೆದರೆ ಕೂಸು ಎಚ್ಚರಗೊಳ್ಳುತ್ತದೆ. ಆದರೂ ಅಲೆ ದೊಡ್ಡದಾದಾಗಲೆಲ್ಲ ನೆನಪು ಸುಧಾರಿಸಿಲ್ಲ. ಹಾಗಾಗಿ ಇದನ್ನೂ ನಾನು ಚಿಕಿತ್ಸೆಯೆನ್ನಲಾರೆ.

ಪೇಸ್‌ಮೇಕರ್ ಇದ್ದರೆ, ಎಂದಾದರೂ ಫಿಟ್ಸ್ (ಮೂರ್ಛೆರೋಗ) ಬಂದಿದ್ದರೆ ವಿದ್ಯುತ್ ಸಾಧನ ಮುಟ್ಟಲೇಬೇಡಿ.

ಎರಡು ಗಂಟೆಗೆ ಎಬ್ಬಿಸುತ್ತಿರುವುದು ಏನೆಂದು ಮೊದಲು ತಿಳಿಯೋಣ. ಗೊರಕೆ ಇದೆಯೇ? ಬೆಳಿಗ್ಗೆ ತಲೆ ಭಾರವೇ? ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ ಹೆಚ್ಚು, ಎಷ್ಟೋ ಸಲ ಅದು ನಿದ್ರಾಹೀನತೆಯ ವೇಷದಲ್ಲೇ ಬರುತ್ತದೆ. ಮರೆವಿಗೆ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಮಲಗಿದ ಮೇಲೆ ನಿಮ್ಮ ಉಸಿರಾಟವನ್ನು ಮನೆಯವರು ಐದು ನಿಮಿಷ ಮೊಬೈಲ್‌ನಲ್ಲಿ ಚಿತ್ರೀಕರಿಸಲಿ, ಅದನ್ನು ವೈದ್ಯರಿಗೆ ತೋರಿಸಿ.