ಕೂಸನ್ನು ಎತ್ತಿಕೊಂಡು ಹೊರಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸಿಗೆಯ ಓಡಾಟದ ಬಗ್ಗೆಯೇ ಇವೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ 42 ಡಿಗ್ರಿ ದಾಟುವುದು ಹೊಸದಲ್ಲ. ಹೊರಡುವ ಹೊತ್ತು ಸರಿಯಾಗಿ ಆರಿಸಿಕೊಂಡರೆ ಕೂಸಿನ ಅರ್ಧ ತೊಂದರೆ ಮನೆಯಲ್ಲೇ ಕಳೆದಂತೆ. ಬೇಸಿಗೆಯಲ್ಲಿ ಬೆಳಿಗ್ಗೆ 9ರೊಳಗೆ, ಇಲ್ಲವೇ ಸಂಜೆ 5ರ ನಂತರ. ಕೆಳಗಿನ ಎಲ್ಲ ಉತ್ತರಗಳಿಗೂ ಈ ಮಾತು ಸೇರಿಸಿಕೊಂಡು ಓದಿ.

ಪ್ರಶ್ನೆ: ನನ್ನ ಕೂಸಿಗೆ ನಾಕು ತಿಂಗಳು. ಮೇ ತಿಂಗಳಾಗ ಸೇಡಂನಿಂದ ಕಲಬುರಗಿಗೆ ಬಸ್ಸಿನ್ಯಾಗ ಹೋಗೋದದ. ಬಿಸಿಲಿಗೆ ಗಂಟಲು ಒಣಗ್ತದ, ನಡುನಡುವೆ ಕಾಸಿ ಆರಿಸಿದ ನೀರು ಕುಡಿಸು ಅಂತಾರ ನಮ್ಮ ಅತ್ತಿ. ಎದಿ ಹಾಲಷ್ಟೇ ಸಾಕಾಗ್ತದೇನ್ರಿ? (ಸೇಡಂ)

ಉತ್ತರ: ಸಾಕಾಗುತ್ತದೆ ತಂಗಿ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇರುತ್ತದೆ. ಆರು ತಿಂಗಳು ತುಂಬುವವರೆಗೆ ಎಂಥ ಬಿಸಿಲಿದ್ದರೂ ಮೇಲಿಂದ ನೀರು ಬೇಡ. ಕೂಸಿನ ಹೊಟ್ಟೆ ಚಿಕ್ಕದು. ನೀರು ತುಂಬಿದರೆ ಅಷ್ಟು ಹಾಲು ಕಡಿಮೆ ಕುಡಿಯುತ್ತದೆ. ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ಹೆಚ್ಚು ನೀರು ಹೋದರೆ ರಕ್ತದಲ್ಲಿನ ಉಪ್ಪಿನ ಅಂಶ ಇಳಿದು ಫಿಟ್ಸ್ ಬರುವುದೂ ಉಂಟು. ನೀರು ಕಾಸಿದ್ದರೂ ಬಾಟಲಿ, ಚಮಚ, ಕೈ ಇವುಗಳಿಂದ ಭೇದಿ ಹತ್ತುತ್ತದೆ. ಅತ್ತೆಯವರ ಕಾಳಜಿ ಸರಿಯಾದದ್ದೇ. ಅದೇ ನೀರನ್ನು ಅವರು ನಿಮಗೆ ಕುಡಿಸಲಿ. ಬೇಸಿಗೆಯಲ್ಲಿ ಹಾಲುಣಿಸುವ ತಾಯಿಗೆ ನೀರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮೂರು ಲೀಟರ್‌ವರೆಗೆ ಬೇಕಾಗುತ್ತದೆ. ಕೂಸಿಗೆ ಎರಡು ತಾಸಿಗೊಮ್ಮೆ, ಕೇಳಿದರೆ ಅದಕ್ಕೂ ಮೊದಲೇ, ಎದೆಗೆ ಹಾಕಿಕೊಳ್ಳಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಬಸ್ಸಿನ ವಿಷಯ. ಬೆಳಿಗ್ಗೆ ಸೇಡಂನಿಂದ ಕಲಬುರಗಿ ಕಡೆ ಬರುವಾಗ ಬಿಸಿಲು ಹಿಂದಿನಿಂದ, ಬಲಗಡೆಗೆ ಬೀಳುತ್ತದೆ. ಹಾಗಾಗಿ ಎಡಗಡೆ ಸೀಟು ಹಿಡಿಯಿರಿ. ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ, ಅಲ್ಲಿ ಕುಡಿದ ಹಾಲೆಲ್ಲ ವಾಂತಿಯಾಗುತ್ತದೆ. ಬಸ್ಸು ಹೊರಡುವ ಕಾಲು ತಾಸು ಮೊದಲೇ ಹಾಲುಣಿಸಿ, ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಆಮೇಲೆ ಹತ್ತಿ. ಬಸ್ಸಿನೊಳಗೆ ಸೆರಗು ಮುಚ್ಚಿ ಹಾಲುಣಿಸುವಾಗ ಕೂಸಿನ ಮೂಗು ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು.

ಮೈಗೆ ತೆಳ್ಳನೆಯ ಕಾಟನ್ ಝಬಲಾ ಒಂದು, ಕೆಳಗೆ ಲಂಗೋಟಿ, ಸಾಕು. ಕುಂಚಿಗೆ, ಉಣ್ಣೆ ಟೋಪಿ, ಕೌದಿ ಯಾವುದೂ ಬೇಡ. ಕೂಸು ತನ್ನ ಸೆಕೆಯನ್ನು ಹೆಚ್ಚಾಗಿ ತಲೆಯಿಂದಲೇ ಹೊರಗೆ ಬಿಡುತ್ತದೆ, ಅದನ್ನು ಮುಚ್ಚಿದರೆ ಮೈ ಕಾಯುತ್ತದೆ. ಬಿಸಿಲು ಬೀಳುತ್ತದೆಂದು ಮುಖದ ಮೇಲೆ ಬಟ್ಟೆ ಹೊದಿಸುವುದು ನಮ್ಮ ಕಡೆ ಬಹಳ ಕಾಣುತ್ತದೆ. ಒಳಗಿನ ಗಾಳಿ ನಿಂತು ಬಿಸಿಯಾಗುತ್ತದೆ, ಅದನ್ನು ದಯವಿಟ್ಟು ಬಿಡಿ. ಸೆಕೆ ಆಗಿದೆಯೋ ಇಲ್ಲವೋ ನೋಡಲು ಅಂಗೈ ಮುಟ್ಟಬೇಡಿ, ಕತ್ತಿನ ಹಿಂಭಾಗ ಮುಟ್ಟಿ. ಅಲ್ಲಿ ಬೆವರು ಅಂಟಿದರೆ ಒಂದು ಬಟ್ಟೆ ಕಡಿಮೆ ಮಾಡಿ.

ಆರು ತಾಸು ಉಚ್ಚೆ ಇಲ್ಲ, ನೆತ್ತಿ ಒಳಗೆ ಕುಳಿ ಬಿದ್ದಿದೆ, ಮೈ ಕೆಂಡ, ಎದೆ ಹಿಡಿಯುತ್ತಿಲ್ಲ, ಜೋಲು ಬಿದ್ದಿದೆ. ಇದರಲ್ಲಿ ಒಂದು ಕಂಡರೂ ನೆರಳಿಗೆ ಬಂದು ಬಟ್ಟೆ ಬಿಚ್ಚಿ, ಸಾದಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕುತ್ತಿಗೆ, ಕಂಕುಳು, ತೊಡೆಸಂದು ಒರೆಸುತ್ತಾ ಗಾಳಿ ಹಾಕಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಐಸ್ ನೀರು ಬೇಡ.

ಪ್ರಶ್ನೆ: ಏಳು ತಿಂಗಳ ಮಗನನ್ನು ಸಂಜೆ ಬೈಕ್ ಮೇಲೆ ಬುದ್ಧ ವಿಹಾರಕ್ಕೆ ಕರಕೊಂಡು ಹೋಗಬಹುದೇನ್ರಿ? ನಡುವೆ ಕೂಡಿಸಿಕೊಂಡು ಹೋದರ ಆತಲ್ಲ? (ಕಲಬುರಗಿ)

ಉತ್ತರ: ಬೇಡ ಅಣ್ಣಾರೆ. ಗಂಡ ಹೆಂಡಿರ ನಡುವೆ ಕೂಸನ್ನು ಒತ್ತಿ ಕೂಡಿಸಿದಾಗ ಅದರ ಮೂಗು ಅಪ್ಪನ ಬೆನ್ನಿಗೆ ಅಂಟುತ್ತದೆ. ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂದಿನವರ ಭಾರವೆಲ್ಲ ಕೂಸಿನ ಮೇಲೆ. 2023ರ ಫೆಬ್ರವರಿ 15ರಿಂದ ಜಾರಿಯಾದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವಿಗೆ ಬೈಕ್ ಮೇಲೆ ಸೇಫ್ಟಿ ಹಾರ್ನೆಸ್ ಬೇಕು, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು. ನಿಮ್ಮ ಮಗನಿಗೆ ಏಳೇ ತಿಂಗಳು. ಹೆಲ್ಮೆಟ್ಟಿನ ತೂಕ ಹೊರುವಷ್ಟು ಕತ್ತು ಇನ್ನೂ ಗಟ್ಟಿಯಾಗಿಲ್ಲ, ಹೆಲ್ಮೆಟ್ ಇಲ್ಲದೆ ಒಯ್ಯುವುದೂ ಅಪಾಯವೇ. ಆಟೋದಲ್ಲಿ ಹೋಗಿ.

ಆಟೋದಲ್ಲಿ ಸೀಟಿನ ನಟ್ಟನಡುವೆ, ಬೆನ್ನು ಪೂರ್ತಿ ಆನಿಸಿ ಕೂಡಿ. ಸೆರಗು, ಓಢಣಿಯ ತುದಿ ಹೊರಗೆ ಇಳಿಬೀಳದಂತೆ ಸೊಂಟಕ್ಕೆ ಸಿಕ್ಕಿಸಿ. ಗಾಲಿಗೆ ಸಿಕ್ಕರೆ ಕತ್ತಿಗೇ ಬರುತ್ತದೆ. ಎದೆಗೆ ಕಟ್ಟುವ ಕ್ಯಾರಿಯರ್ ಇದ್ದರೆ ಮೊದಲು ಸೊಂಟದ ಬೆಲ್ಟ್ ಬಿಗಿಯಿರಿ, ಆಮೇಲೆ ಕೂಸನ್ನು ನಿಮ್ಮ ಕಡೆ ಮುಖ ಮಾಡಿಸಿ ಎತ್ತಿ, ಕೊನೆಗೆ ಹೆಗಲಿನ ಪಟ್ಟಿ ಎಳೆಯಿರಿ. ಹಿಂದುಮುಂದಾದರೆ ಭಾರವೆಲ್ಲ ಹೆಗಲಿಗೆ ಬಿದ್ದು ಕೂಸು ಕೆಳಗೆ ಜಾರುತ್ತದೆ. ಸರಿ ಕಟ್ಟಿದ್ದರೆ ಕೂಸಿನ ಮೊಣಕಾಲು ಅದರ ಕುಂಡಿಗಿಂತ ತುಸು ಮೇಲಿರುತ್ತದೆ, ತಲೆ ನೀವು ಬಗ್ಗಿದರೆ ಮುದ್ದಿಡುವಷ್ಟು ಹತ್ತಿರ ಇರುತ್ತದೆ, ಗದ್ದದ ಕೆಳಗೆ ಎರಡು ಬೆರಳು ಹಿಡಿಸುತ್ತದೆ. ಗದ್ದ ಎದೆಗೆ ಅಂಟಿತೆಂದರೆ ಉಸಿರಾಟಕ್ಕೆ ಅಡ್ಡಿ. ಕೂಸು ಅಳುವುದಿಲ್ಲವಾದ್ದರಿಂದ ನಿದ್ದೆ ಹತ್ತಿದೆ ಎಂದೇ ತಿಳಿದು ಮೋಸಹೋಗುತ್ತೇವೆ. ಬೇಸಿಗೆಯಲ್ಲಿ ಎರಡು ಮೈಯ ಕಾವು ಸೇರುತ್ತದೆ, ಅರ್ಧ ತಾಸಿಗೊಮ್ಮೆ ಬಿಚ್ಚಿ ಗಾಳಿಗೆ ಹಿಡಿಯಿರಿ. ವಿಹಾರದಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು. ಬಿಸಿಲು ಕಾಯ್ದ ಕಲ್ಲು ಸಂಜೆಯೂ ಬೇಗ ಆರುವುದಿಲ್ಲ. ನಿಮ್ಮ ಅಂಗಾಲು ತಾಳಿದರಷ್ಟೇ ಕೂಸನ್ನು ಅಂಬೆಗಾಲಿಗೆ ಬಿಡಿ.

ಪ್ರಶ್ನೆ: ಮಗಳಿಗೆ ಒಂದು ವರ್ಷ ತುಂಬಿತು. ಡಿಸೆಂಬರದಾಗ ಬೀದರಕ್ಕ ಹೋಗಿ ಕೋಟೆ, ಝರಣಿ ನರಸಿಂಹ, ಗುರುದ್ವಾರ ಒಂದೇ ದಿನದಾಗ ನೋಡಬೇಕಂತ ಮಾಡೀವಿ. (ಹುಮನಾಬಾದ)

ಉತ್ತರ: ಮೂರರಲ್ಲಿ ಒಂದನ್ನು ಕೂಸಿನ ಲೆಕ್ಕದಿಂದ ತೆಗೆದುಬಿಡಿ. ಝರಣಿ ನರಸಿಂಹನ ಗುಹೆಯಲ್ಲಿ ಸುಮಾರು 300 ಮೀಟರ್ ದೂರ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು, ಜನಸಂದಣಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಹೆಗಲ ಮೇಲೆ ಕೂಡಿಸಿಕೊಂಡು ಹೋಗುವವರನ್ನು ನೋಡಿ ಧೈರ್ಯ ಮಾಡಬೇಡಿ, ಕಾಲು ಜಾರಿದರೆ ಹಿಡಿಯಲು ಕೈ ಖಾಲಿ ಇರುವುದಿಲ್ಲ. ಒಬ್ಬರು ಕೂಸಿನೊಡನೆ ಹೊರಗೆ ಕೂಡಿ, ಇನ್ನೊಬ್ಬರು ದರ್ಶನ ಮಾಡಿ ಬಂದಮೇಲೆ ಅದಲುಬದಲಾಗಿ.

ಕೋಟೆಗೆ ಬೆಳಿಗ್ಗೆ 9ರಿಂದ 11. ಸೋಲಹ್ ಖಂಬಾ ಮಸೀದಿ, ರಂಗೀನ್ ಮಹಲ್ ಕಡೆಯೇ ಮಗುವಿನ ಜೊತೆ ನೋಡಲು ಸಾಕಷ್ಟಿದೆ. ಬಯಲು ದೊಡ್ಡದು, ಇಡೀ ಕೋಟೆ ಸುತ್ತುವ ಹಟ ಬೇಡ. ಮಧ್ಯಾಹ್ನ ಗುರುದ್ವಾರ ನಾನಕ ಝೀರಾದಲ್ಲಿ ಕೂತು ವಿಶ್ರಾಂತಿ ತಗೊಳ್ಳಬಹುದು. ತಲೆ ಮುಚ್ಚಲು ಬಟ್ಟೆ ಜೊತೆಗಿರಲಿ. ಲಂಗರದ ದಾಲ್ ಖಾರವೆನಿಸಿದರೆ ಮಗುವಿಗೆ ನಿಮ್ಮ ಡಬ್ಬಿಯದೇ ಕೊಡಿ.

ಡಬ್ಬಿಗೆ ಒಂದು ಸುಲಭದ ಪುಡಿ: ತೆಳ್ಳನೆಯ ಅವಲಕ್ಕಿ ಮೂರು ಪಾಲು, ಸಿಪ್ಪೆ ತೆಗೆದ ಪುಠಾಣಿ ಒಂದು ಪಾಲು. ಎರಡನ್ನೂ ಬೇರೆಬೇರೆ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಆವಿ ಕಟ್ಟಿ ಮುಗ್ಗುತ್ತದೆ. ಎರಡು ಚಮಚ ಪುಡಿಗೆ ಥರ್ಮಾಸಿನ ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಐದು ನಿಮಿಷ ಮುಚ್ಚಿಡಿ. ಅವಲಕ್ಕಿ ನೀರು ಹೀರಿ ಗಟ್ಟಿಯಾಗುತ್ತದೆ, ಬೇಕಾದರೆ ಇನ್ನೊಂದಿಷ್ಟು ನೀರು. ಚಮಚ ಓರೆ ಮಾಡಿದರೆ ನಿಧಾನ ಜಾರಬೇಕು. ಎರಡು ಪದಾರ್ಥವೂ ಮೊದಲೇ ಬೆಂದದ್ದಾದ್ದರಿಂದ ಒಲೆ ಬೇಕಿಲ್ಲ. ಜೊತೆಗೆ ಒಂದು ಬಾಳೆಹಣ್ಣು ಹಿಸುಕಿದರೆ ಊಟ ಆಯಿತು. ಮನೆಯಿಂದ ಕಟ್ಟಿಕೊಂಡ ಮೆತ್ತನೆಯ ಅನ್ನ-ಬೇಳೆಯನ್ನು ಎರಡು ತಾಸಿನೊಳಗೆ ಉಣಿಸಿ, ಉಳಿದದ್ದು ಮಗುವಿಗೆ ಬೇಡ.

ಬೀದರಿನ ಡಿಸೆಂಬರದಲ್ಲಿ ಮುಂಜಾನೆ ಥಂಡಿ, ಮಧ್ಯಾಹ್ನ ಬಿಸಿಲು. ಒಂದು ದಪ್ಪ ಸ್ವೆಟರಿಗಿಂತ ತೆಳ್ಳನೆಯ ಮೂರು ಪದರ ಮೇಲು, ಒಂದೊಂದಾಗಿ ಬಿಚ್ಚುತ್ತಾ ಹೋಗಬಹುದು. ನಿಮಗಿಂತ ಒಂದು ಪದರ ಹೆಚ್ಚು, ಅಷ್ಟೇ.

ಪ್ರಶ್ನೆ: ಎಂಟು ತಿಂಗಳ ಕೂಸು, ಡಾಕ್ಟರು ಹೇಳಿದ ಪುಡಿ ಹಾಲು ಕುಡೀತದ. ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿ ಗಾಡಿ. ಹಾಲು ಹ್ಯಾಂಗ ಮಾಡೋದು, ಹ್ಯಾಂಗ ಮಲಗಿಸೋದು? (ಯಾದಗಿರಿ)

ಉತ್ತರ: ಕಲಸಿದ ಹಾಲು ಒಯ್ಯಬೇಡಿ, ಪುಡಿ ಮತ್ತು ನೀರನ್ನು ಬೇರೆಬೇರೆ ಒಯ್ಯಿರಿ. ಒಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಒಣ ಡಬ್ಬಿಗಳಲ್ಲಿ ಮೊದಲೇ ಅಳೆದಿಡಿ, ರಾತ್ರಿ ದೀಪ ಆರಿಸಿದ ಮೇಲೆ ಎಣಿಕೆ ತಪ್ಪುವುದಿಲ್ಲ. ಹೆಚ್ಚಿನ ಡಬ್ಬಿಗಳಲ್ಲಿ 30 ಎಂಎಲ್ ನೀರಿಗೆ ಒಂದು ಸ್ಕೂಪ್; ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಕೊನೆಯ ಮಾತು. ಸ್ಕೂಪನ್ನು ಒತ್ತಿ ತುಂಬದೆ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಗೋಪುರದಂತೆ ತುಂಬಿದರೆ ಹಾಲು ದಪ್ಪವಾಗಿ ಮಲ ಗಟ್ಟಿಯಾಗುತ್ತದೆ, ನೀರಡಿಕೆಯಿಂದ ಅಳುತ್ತದೆ. ಉಳಿತಾಯಕ್ಕೆಂದು ತೆಳು ಮಾಡಿದರೆ ಮೈ ಹಿಡಿಯುವುದಿಲ್ಲ. ಮೊದಲು ನೀರು ಅಳೆಯಿರಿ, ಆಮೇಲೆ ಪುಡಿ. ಕುದಿಸಿ ತುಂಬಿದ ಒಳ್ಳೆ ಥರ್ಮಾಸಿನ ನೀರಾಗಲಿ. ಪುಡಿಯಲ್ಲಿರಬಹುದಾದ ಕ್ರಿಮಿ ಸಾಯಲು 70 ಡಿಗ್ರಿಗಿಂತ ಬಿಸಿ ಬೇಕು. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನ ಲೋಟದಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ. ಕುಡಿದು ಉಳಿದದ್ದನ್ನು ಮುಂದಿನ ಸಲಕ್ಕೆ ಇಡಬೇಡಿ. ಎಂಟು ತಿಂಗಳಿಗೆ ಬಟ್ಟಲು-ಚಮಚದಲ್ಲಿ ಕುಡಿಯಲು ಬರುತ್ತದೆ. ಗಾಡಿಯಲ್ಲಿ ನಿಪ್ಪಲ್ ಸ್ವಚ್ಛ ಮಾಡುವುದು ಆಗದ ಮಾತು, ಬಟ್ಟಲು ಬಿಸಿನೀರಿನಲ್ಲಿ ತೊಳೆದರೆ ಆಯಿತು.

ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಬೇರೆ ಬರ್ತೂ ಇಲ್ಲ. ಆದ್ದರಿಂದ ಕೆಳಗಿನ ಬರ್ತ್ ಕೇಳಿ. ಕೂಸು ಗೋಡೆ ಕಡೆ, ನೀವು ಅಂಚಿನ ಕಡೆ. ಸೀರೆಯಿಂದ ಜೋಳಿಗೆ ಕಟ್ಟುವುದು ನಮ್ಮ ಕಡೆ ರೂಢಿ. ಕಟ್ಟಿದರೆ ತಳ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರದಂತೆ ಕಟ್ಟಿ. ನೈಲಾನ್, ಪಾಲಿಸ್ಟರ್ ಸೀರೆಯ ಗಂಟು ಗಾಡಿಯ ಅಲುಗಾಟಕ್ಕೆ ತಾನೇ ಸಡಿಲುತ್ತದೆ, ಹಳೆ ಕಾಟನ್ ಸೀರೆಯೇ ಆಗಬೇಕು. ಕೂಸನ್ನು ಮಲಗಿಸುವ ಮೊದಲು ನಿಮ್ಮ ಎರಡೂ ಕೈಯ ಭಾರ ಹಾಕಿ ಜಗ್ಗಿ ನೋಡಿ. ನಿದ್ದೆ ಹತ್ತಿದ ಮೇಲೆ ಬರ್ತಿಗೆ ಇಳಿಸಿಬಿಡಿ. ಜೋಳಿಗೆಯಲ್ಲಿ ಕೂಸಿದ್ದಾಗ ನೀವು ಕಣ್ಣು ಮುಚ್ಚುವಂತಿಲ್ಲ.

ಪ್ರಶ್ನೆ: ಶರಣಬಸವೇಶ್ವರ ಜಾತ್ರಿಗೆ ಹತ್ತು ತಿಂಗಳ ಕೂಸನ್ನ ಒಯ್ಯಬಹುದೇನ್ರಿ? (ಕಲಬುರಗಿ)

ಉತ್ತರ: ದರ್ಶನಕ್ಕೆ ಧಾರಾಳ ಒಯ್ಯಿರಿ, ತೇರಿನ ಹೊತ್ತಿಗೆ ಬೇಡ. ತೇರಿಗೆ ಎಸೆಯುವ ಉತ್ತತ್ತಿ, ಬಾಳೆಹಣ್ಣು ಹೆಗಲ ಮೇಲಿನ ಕೂಸಿನ ಮುಖಕ್ಕೇ ಬಡಿಯುತ್ತವೆ. ಮರುದಿನ ಮುಂಜಾನೆ ಹೋದರೆ ನೆಮ್ಮದಿ. ಜಾತ್ರೆಯ ಪುಠಾಣಿ, ಶೇಂಗಾ, ಮಂಡಾಳ, ದ್ರಾಕ್ಷಿ ಇವು ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಪ್ರೀತಿಯಿಂದ ಯಾರಾದರೂ ಬಾಯಿಗಿಟ್ಟರೆ ನಯವಾಗಿ ತಡೆಯಿರಿ.

ಸಿಕ್ಕೇಬಿಟ್ಟರೆ? ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಹೊರಡದೆ ಮುಖ ನೀಲಿಯಾದರೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಎರಡು ಹೆಗಲೆಲುಬಿನ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ಬಡಿಯಿರಿ. ಬೀಳದಿದ್ದರೆ ಅಂಗಾತ ತಿರುಗಿಸಿ, ಮೊಲೆತೊಟ್ಟುಗಳ ಗೆರೆಯ ತುಸು ಕೆಳಗೆ ಎದೆಯ ನಡುಮೂಳೆಯ ಮೇಲೆ ಎರಡು ಬೆರಳಿನಿಂದ ಐದು ಸಲ ಒತ್ತಿ. ಬೀಳುವವರೆಗೆ ಇವೆರಡನ್ನೂ ಸರದಿಯಾಗಿ ಮಾಡುತ್ತಿರಿ, ಜೊತೆಗಿದ್ದವರು 108ಕ್ಕೆ ಫೋನ್ ಹಚ್ಚಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಪ್ರಶ್ನೆ: ಹದಿನಾಲ್ಕು ವಾರದ ಸೂಜಿ ಮಾಡಿಸಿದ ದಿನವೇ ತವರುಮನಿಗೆ ಹೊರಡಬಹುದಾ? (ಶಹಾಪುರ)

ಉತ್ತರ: ಎರಡು ದಿನ ತಡೆಯಿರಿ. ಜ್ವರ ಬಂದರೆ ಹೆಚ್ಚಾಗಿ ಅದೇ ರಾತ್ರಿ ಬರುತ್ತದೆ, ತೊಡೆ ಬೇರೆ ನೋಯುತ್ತಿರುತ್ತದೆ, ಸೊಂಟದ ಮೇಲೆ ಎತ್ತಿಕೊಂಡರೂ ಅಳುತ್ತದೆ. ಸೂಜಿ ಚುಚ್ಚಿದ ಜಾಗ ತಿಕ್ಕಬೇಡಿ, ಅರಿಶಿಣ ಹಚ್ಚಬೇಡಿ. ಪ್ಯಾರಾಸಿಟಮಾಲ್ ಲೆಕ್ಕ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಇಲ್ಲೇ ದೊಡ್ಡ ತಪ್ಪಾಗುವುದು: ಡ್ರಾಪ್ಸಿನ ಒಂದು ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ, ಸಿರಪ್ಪಿನ ಐದು ಎಂಎಲ್‌ನಲ್ಲಿ 125. ಆರು ಕಿಲೋ ಕೂಸಿಗೆ ಡ್ರಾಪ್ಸಾದರೆ 0.6 ಎಂಎಲ್ ಸಾಕು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಹೋಗುತ್ತದೆ. ಬಾಟಲಿ ಮೇಲಿನ ಅಂಕಿ ಓದಿ, ಡಾಕ್ಟರ ಬರೆದ ಅಳತೆಗೆ ಹೊಂದಿಸಿ ನೋಡಿ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ತಾಸು ಬಿಡಿ. ಜ್ವರ ಎರಡು ದಿನ ದಾಟಿದರೆ ತೋರಿಸಿ. ಹೊರಡುವಾಗ ತಾಯಿ ಕಾರ್ಡ್ ಮರೆಯಬೇಡಿ, ಮುಂದಿನ ಲಸಿಕೆ ತವರಿನ ಆರೋಗ್ಯ ಕೇಂದ್ರದಲ್ಲೇ ಹಾಕಿಸಬಹುದು.

ಪ್ರಶ್ನೆ: ಹೊರಗ ಹೋಗುವಾಗ ದೃಷ್ಟಿ ತಾಕಬಾರದಂತ ಕಣ್ಣಿಗೆ ಕಾಡಿಗಿ ಹಚ್ಚತೀವಿ. ನಡೀತದೇನ್ರಿ? (ಆಳಂದ)

ಉತ್ತರ: ಕಣ್ಣಿಗೆ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ, ಬೆರಳಿನ ಸೋಂಕು ಕಣ್ಣಿಗೆ ಹೋಗುತ್ತದೆ, ಕಣ್ಣೀರಿನ ನಾಳ ಕಟ್ಟಿ ಪಿಸರು ಬರುತ್ತದೆ. ಕೆನ್ನೆಗೆ ಹಚ್ಚಿದ್ದನ್ನೂ ಕೂಸು ಕೈಯಲ್ಲಿ ಸವರಿ ಬಾಯಿಗಿಟ್ಟುಕೊಳ್ಳುತ್ತದೆ. ಬೊಟ್ಟು ಇಡಲೇಬೇಕಾದರೆ ಕಿವಿಯ ಹಿಂದೆ ಇಡಿ.